ಇಬ್ಬರ ದನಿ ಕೂಡ್ತಾನೇ ಇಲ್ಲ!

ಪ್ರಶ್ನೆ: ಸರ್, ನಾನೂ ನನ್ನ ಹೆಂಡತಿಯೂ ಸೇರಿ ಎಂಟು ಹಾಡಿನ ಫೋಕ್-ಪಾಪ್ ಆಲ್ಬಮ್ ಮನೆಯಲ್ಲೇ ರೆಕಾರ್ಡ್ ಮಾಡ್ತಿದ್ದೇವೆ. ಮೊದಲು ಗಿಟಾರ್, ಆಮೇಲೆ ನನ್ನ ದನಿ, ಕೊನೆಗೆ ಅವಳದು. ಶ್ರುತಿ, ತಾಳ ಎಲ್ಲ ಸರಿಯಿದೆ. ಆದರೆ ಕೇಳಿದರೆ ಪರಿಚಯವೇ ಇಲ್ಲದ ಇಬ್ಬರು ಹಾಡಿದ ಹಾಗಿದೆ. ರಿವರ್ಬ್ (ದನಿಗೆ ಸೇರಿಸೋ ಗುಂಯ್ ಅನ್ನೋ ಪ್ರತಿಧ್ವನಿ) ಜಾಸ್ತಿ ಮಾಡಲಾ?

ಉತ್ತರ (ಸೌಂಡ್ ಎಂಜಿನಿಯರ್): ಬೇಡ. ಪರಿಚಯವಿಲ್ಲದ ಇಬ್ಬರು ಬಾವಿಯೊಳಗೆ ನಿಂತು ಹಾಡಿದ ಹಾಗಾಗುತ್ತೆ, ಅಷ್ಟೇ.

ಜೊತೆಗೆ ಹಾಡುವವರು ಒಬ್ಬರ ಬಾಯಿ ನೋಡ್ಕೊಂಡು ಇನ್ನೊಬ್ಬರು ಉಸಿರು ತಗೋತಾರೆ. ಸಾಲಿನ ಕೊನೆಯ ಅಕ್ಷರವನ್ನ ಎಷ್ಟು ಎಳೀಬೇಕು, ಎಲ್ಲಿ ಬಿಡಬೇಕು ಅನ್ನೋದೂ ಕಣ್ಣಲ್ಲೇ ತೀರ್ಮಾನ ಆಗುತ್ತೆ. ನಿಮ್ಮಲ್ಲಿ ಮೇಡಂ ಹೆಡ್‌ಫೋನ್ ಹಾಕ್ಕೊಂಡು ನಿಮ್ಮ ದನಿಯ ಬೆನ್ನು ಹತ್ತಿದ್ದಾರೆ. ನೀವು ಅವರಿಗಾಗಿ ಎಲ್ಲೂ ನಿಂತಿಲ್ಲ, ನಿಲ್ಲೋಕೆ ಆಗ ಅವರು ಅಲ್ಲಿ ಇರಲೇ ಇಲ್ಲವಲ್ಲ!

ಫಿಗರ್-ಎಯ್ಟ್ ಪ್ಯಾಟರ್ನ್ ಇರೋ ಮೈಕ್ ಯಾರ ಹತ್ತಿರವಾದರೂ ಎರವಲು ತನ್ನಿ. ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಿವಿ, ಪಕ್ಕದಲ್ಲಿ ಹೆಚ್ಚುಕಡಿಮೆ ಕಿವುಡು. ಮಧ್ಯೆ ಅದನ್ನಿಟ್ಟು ಎದುರುಬದುರು ನಿಂತು ಹಾಡಿ. ಗಿಟಾರ್ ಹಳೇ ಟ್ರ್ಯಾಕಿಂದಲೇ ಹೆಡ್‌ಫೋನಿಗೆ ಬರಲಿ. ದನಿಗಳ ಬ್ಯಾಲೆನ್ಸ್ ಕಾಲಲ್ಲೇ ಆಗಬೇಕು: ಜೋರು ದನಿಯವರು ಅರ್ಧ ಹೆಜ್ಜೆ ಹಿಂದೆ ಸರೀರಿ. ತೀರಾ ಹತ್ತಿರ ಹೋದರೆ ಬೇಸ್ ತುಂಬ್ಕೊಳ್ಳುತ್ತೆ, ಒಂದು ಗೇಣಾದರೂ ದೂರ ಇರಲಿ. ದನಿ ತೀರಾ ಜೋರಾದಾಗಲೂ (ಪೀಕ್) ರೆಕಾರ್ಡಿಂಗ್ ಮೀಟರ್ ಮೈನಸ್ 10 ಡಿಬಿ ದಾಟದಂತೆ ಗೇನ್, ಅಂದ್ರೆ ಮೈಕ್ ದನಿಯನ್ನ ಏರಿಸೋ ನಾಬ್, ಇಡಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್ ಇದ್ದರೆ ಅಷ್ಟು ತಗ್ಗಿಸಿದರೆ ಏನೂ ನಷ್ಟ ಇಲ್ಲ.

ಗುಂಪಿನ ಇನ್ನೊಬ್ಬ ಸದಸ್ಯರು: ಎರಡು ಮಾಮೂಲಿ ಮೈಕ್ ಇಟ್ಟರೆ ಆಗಲ್ವಾ ಸರ್?

ಉತ್ತರ: ಆಗುತ್ತೆ. ಆದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ಸೋರುತ್ತೆ, ಚೂರು ತಡವಾಗಿ. ಎರಡನ್ನೂ ಕೂಡಿಸಿದಾಗ ದನಿ ಟೊಳ್ಳಾಗಿ ಕೇಳುತ್ತೆ. ಬಾಯಿಂದ ಮೈಕಿಗೆ ಇರೋ ದೂರದ 3 ಪಟ್ಟು ಮೈಕುಗಳ ನಡುವೆ ಬಿಡಿ, ಸಾಕಷ್ಟು ಕಡಿಮೆಯಾಗುತ್ತೆ.

ಪ್ರಶ್ನೆ ಕೇಳಿದವರು: ಒಂದೇ ಮೈಕ್‌ನಲ್ಲಿ ಅವಳು ಸರಿಯಾಗಿ ಹಾಡಿ ನಾನು ತಪ್ಪಿದರೆ?

ಉತ್ತರ: ಇಬ್ಬರೂ ಮತ್ತೆ ಹಾಡಬೇಕು. ಒಬ್ಬರದನ್ನ ಮಾತ್ರ ತಿದ್ದೋಕಾಗಲ್ಲ, ಒಬ್ಬರದನ್ನ ಮಾತ್ರ ಜೋರು ಮಾಡೋಕೂ ಆಗಲ್ಲ. ಈ ದಾರಿಯ ಬೆಲೆ ಅದು. ಸಾಲು ಸಾಲಾಗಿ ಪ್ಯಾಚ್ ಹಾಕೋಕೆ ಹೋಗಬೇಡಿ, ಕನಿಷ್ಠ ಪೂರ್ತಿ ಚರಣ ಹಾಡಿ. ತಪ್ಪಿದ್ದು ಯಾರು ಅನ್ನೋ ಚರ್ಚೆ ಶುರುವಾದರೆ ಅವತ್ತಿಗೆ ಮೈಕ್ ಆಫ್ ಮಾಡಿ, ಆ ಸಿಟ್ಟು ಮುಂದಿನ ಟೇಕ್‌ನಲ್ಲಿ ಕೇಳಿಸುತ್ತೆ. ಮೊದಲು ಒಂದೇ ಹಾಡು ಹೀಗೆ ಮಾಡಿ ಇಲ್ಲಿ ಹಾಕಿ. ಹಳೇ ಟ್ರ್ಯಾಕ್ ಅಳಿಸಬೇಡಿ.