ಬೊಡ್ಡಜ್ಜನಿಗೆ ಪಥ್ಯ

ಚೌತಿಗೆ ಇನ್ನು ನಾಲ್ಕೇ ದಿನ. ಮಳೆ ಬಿಡದೆ ಅಡಿಕೆಗೆ ಎರಡನೆಯ ಮದ್ದು ಬಿಡುವ ಕೆಲಸ ನಿಂತುಹೋಗಿತ್ತು. ನಾವು ಶಂಭಣ್ಣನ ಜಗಲಿಯಲ್ಲಿ ಕುಳಿತು ಆಕಾಶವನ್ನು ಬಯ್ಯುತ್ತಿದ್ದೆವು. ಅಷ್ಟರಲ್ಲಿ ಗೋಪಾಲಣ್ಣ ಬಂದು, ಕೊಡೆ ಮಡಚಿ, ಒಂದು ಸ್ಟೀಲ್ ಡಬ್ಬಿಯನ್ನು ಮುಂದಿಟ್ಟರು.

"ಚೌತಿಯ ನೈವೇದ್ಯಕ್ಕೆಂದು ಅಪ್ಪ ಮಾಡಿ ತಂದಿದ್ದೇನೆ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಬೆಲ್ಲ ಇಲ್ಲ, ಅಕ್ಕಿಯೂ ಇಲ್ಲ."

ಶಂಭಣ್ಣ ಡಬ್ಬಿಯೊಳಗೆ ಇಣುಕಿದರು. "ಹಾಗಾದರೆ ಇದರೊಳಗೆ ಇರುವುದು ಯಾರು?"

"ನವಣೆ, ಓಟ್ಸ್, ಖರ್ಜೂರ. ಮಗ ಬೆಂಗಳೂರಿನಿಂದ ಏರ್ ಫ್ರೈಯರ್ ಕಳುಹಿಸಿದ್ದಾನೆ. ಬರೀ ಗಾಳಿಯಲ್ಲಿ ಬೇಯುತ್ತದೆ."

"ಗಾಳಿ ತಿಂದು ಬದುಕುವುದು ಗಣಪತಿಯ ಹೊಟ್ಟೆಗೆ ಸುತ್ತಿದ ಹಾವು. ನೈವೇದ್ಯ ಈ ಸಲ ಅದಕ್ಕೋ?"

ಮಾಷ್ಟ್ರು ಒಂದನ್ನು ಎತ್ತಿ ಕುರ್ಚಿಯ ಕೈಗೆ ಕುಟ್ಟಿದರು. ಟಕ್ಕೆಂದಿತು. "ಒಣಗಿದ ಚಾಲಿ ಅಡಿಕೆಯ ಹಾಗಿದೆ," ಎಂದರು.

"ಹೊಸ ಚಾಲಿಯೋ, ಹಳೆ ಚಾಲಿಯೋ?" ಶಂಭಣ್ಣನ ಮುಖ ಅರಳಿತು. "ಹೊಸತಾದರೆ ಈಗ ತಿನ್ನಬೇಡಿ. ಅಟ್ಟದಲ್ಲಿಡಿ, ಬರುವ ವರ್ಷ ರೇಟು ಏರುತ್ತದೆ."

"ತಮಾಷೆ ಬೇಡ. ಮೊದಲು ಹಿಟ್ಟೆಲ್ಲ ಜಾಲರಿಯ ತೂತಿನಿಂದ ಕೆಳಗಿಳಿಯಿತು. ಆಮೇಲೆ ಗಟ್ಟಿ ಮಾಡಿಕೊಂಡೆ. ಎಣ್ಣೆ ಬೇಕೇ ಬೇಕೆಂದರೆ ನಾಲ್ಕು ಹನಿ ಆಲಿವ್ ಎಣ್ಣೆ ಸವರಬಹುದಂತೆ."

"ಕಾಸರಗೋಡಿನ ಕೂಡ್ಲಿನಲ್ಲಿ 1916ರಿಂದ ತೆಂಗಿನ ಮೇಲೆ ಸಂಶೋಧನೆ ನಡೆಯುತ್ತಿದೆ. ಅಷ್ಟು ವಿಜ್ಞಾನಿಗಳಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ ನೋಡಿ!"

ಮಾಷ್ಟ್ರು ಗೋಪಾಲಣ್ಣನ ಪರ ವಹಿಸಿದರು. ಅವರಿಗೆ ಯಾವಾಗಲೂ ಸೋಲುವ ಪಕ್ಷವೇ ಇಷ್ಟ. "ಸಕ್ಕರೆ ಕಾಯಿಲೆಯವರು ಏನು ಮಾಡಬೇಕು, ಶಂಭಣ್ಣ?"

"ನನಗೂ ಇದೆ. ತಿನ್ನಬೇಡವೆಂದರೆ ತಿನ್ನುವುದಿಲ್ಲ. ಆದರೆ ಕಾಯಿಲೆ ನನಗಿರುವಾಗ ಪಥ್ಯ ಅಪ್ಪಕ್ಕೆ ಏಕೆ? ಮಧೂರಿನ ಗಣಪತಿ ದೇವಸ್ಥಾನದಲ್ಲಿ 1992ರಲ್ಲಿ ಮೂಡಪ್ಪ ಸೇವೆ ಆಯಿತು, ಮತ್ತೆ ಆದದ್ದು 2025ರಲ್ಲಿ. ಮೂವತ್ತಮೂರು ವರ್ಷ ಕಾದು ಕುಳಿತ ನಮ್ಮ ಬೊಡ್ಡಜ್ಜ ಗಣಪತಿಯನ್ನು ಅಪ್ಪದ ರಾಶಿಯಲ್ಲಿ ಮುಚ್ಚಿದರು. ಇದನ್ನು ಸುರಿದಿದ್ದರೆ ಜಲ್ಲಿಯ ಲಾರಿ ಮಗುಚಿದ ಹಾಗಾಗುತ್ತಿತ್ತು!"

ಗೋಪಾಲಣ್ಣ ಮಾತನಾಡಲಿಲ್ಲ. ಶಂಭಣ್ಣ ಮಾತ್ರ ನಿಲ್ಲಿಸಲಿಲ್ಲ. ಬೆಳ್ತಿಗೆ ಅಕ್ಕಿ ನೆನೆಯಬೇಕು, ಬೆಲ್ಲ, ಕಾಯಿತುರಿ ಸೇರಿಸಿ ಅರೆಯಬೇಕು, ಕದಳಿ ಹಣ್ಣು ಕಿವುಚಿ ಹಾಕಬೇಕು. ಹಣ್ಣು ಹೆಚ್ಚಾದರೆ ಅಪ್ಪ ತುಪ್ಪ ಕುಡಿಯುತ್ತದೆ, ಕಡಿಮೆಯಾದರೆ ಮುನಿಸಿಕೊಳ್ಳುತ್ತದೆ. ಅವರ ಅಮ್ಮ ಅಪ್ಪವನ್ನು ಮಗುಚುತ್ತಿದ್ದದ್ದು ಹಳೆಯ ಕೊಡೆಯ ಕಡ್ಡಿಯಲ್ಲಿ. ಗುಳಿಯ ಅಂಚಿಗೆ ಕಡ್ಡಿ ತಾಗಿಸಿದರೆ ಸಾಕು, ಅಪ್ಪ ಮಗ್ಗುಲು ಬದಲಿಸಿ ಮಲಗುವ ಮಗುವಿನಂತೆ ತಾನೇ ಹೊರಳುತ್ತಿತ್ತು. ಮೊದಲನೆಯದು ಒಲೆಯ ಬೆಂಕಿಗೆ. ಎರಡನೆಯದನ್ನು ಕದಿಯುವ ಹಕ್ಕು ಶಂಭಣ್ಣನದು.

ಸಾವಿತ್ರಿಯಕ್ಕ ಚಹಾ ತಂದರು. "ಇವರ ಮಾತು ಕೇಳಬೇಡಿ. ಕಂಚಿನ ಕಾವಲಿ ಮೂರು ವರ್ಷದಿಂದ ಅಟ್ಟದಲ್ಲೇ ಇದೆ. ಏಳು ಗುಳಿ, ತಿನ್ನುವವರು ಇಬ್ಬರು. ಅದರಲ್ಲೂ ಇವರಿಗೆ ಕೂಡದು. ನಾಲ್ಕಕ್ಕೆ ಮಾತ್ರ ಹಿಟ್ಟು ಹೊಯ್ಯೋಣವೆಂದರೆ ಖಾಲಿ ಗುಳಿಯ ತುಪ್ಪ ಹೊಗೆಯಾಡುತ್ತದೆ. ಆ ಹೊಗೆ ನೋಡಲು ನನ್ನಿಂದಾಗುವುದಿಲ್ಲ."

ಶಂಭಣ್ಣ ಚಹಾ ಊದಿದರು. ಅದು ಅಷ್ಟೇನೂ ಬಿಸಿಯಿರಲಿಲ್ಲ.

"ರುಚಿಯಿಲ್ಲವೆಂದು ನನಗೂ ಗೊತ್ತು," ಎಂದರು ಗೋಪಾಲಣ್ಣ, ಡಬ್ಬಿಯ ಮುಚ್ಚಳ ಹುಡುಕುತ್ತಾ. "ಉಳಿದ ದಿನಗಳಲ್ಲಿ ಮಗ ಫೋನ್ ಮಾಡಿದರೆ 'ಊಟ ಆಯಿತಾ, ಮಳೆ ಇದೆಯಾ' ಅಷ್ಟೇ. ನಿನ್ನೆ ಇದನ್ನು ಹೇಳಿಕೊಡಲು ವಿಡಿಯೋ ಕಾಲ್ ಮಾಡಿದವನು ಅಪ್ಪ ಬೇಯುವವರೆಗೂ ಇಡಲಿಲ್ಲ. ಮುಕ್ಕಾಲು ಗಂಟೆ! ಹಿಟ್ಟು ಸೋರಿದ್ದಕ್ಕೆ ಎಷ್ಟು ನಕ್ಕ ಗೊತ್ತೇ? ನಾಳೆ ಕಡುಬು ಹೇಳಿಕೊಡುತ್ತಾನಂತೆ."

ಹಂಚಿನ ಅಂಚಿನಿಂದ ನೀರು ಸುರಿಯುತ್ತಲೇ ಇತ್ತು. ಶಂಭಣ್ಣ ಕೈ ಚಾಚಿ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದು ಅಪ್ಪವನ್ನು ದವಡೆಗಿಟ್ಟು ಕಚ್ಚಿದರು, ಮತ್ತೊಮ್ಮೆ ಕಚ್ಚಿದರು, ಹೊರಗೆ ತೆಗೆದು ತಿರುಗಿಸಿ ನೋಡಿದರು.

"ಸಾವಿತ್ರೀ," ಎಂದು ಒಳಕ್ಕೆ ಕೂಗಿದರು, "ಆ ಅಡಕತ್ತರಿ ಸ್ವಲ್ಪ ಕೊಡು. ನಾಲ್ಕು ಹೋಳು ಮಾಡಿ ಎಲ್ಲರೂ ತಿನ್ನೋಣ."