ಬಿಎಸ್ಸಿ ಮ್ಯಾಥ್ಸ್ ಓದಿದರೆ ಮುಂದೆ ದಾರಿ ಇದೆಯಾ? ಮಂಡ್ಯ, ಮೈಸೂರು ಕಡೆಯವರು ಹೇಳಿ

ಮದ್ದೂರು ಹುಡುಗಿ:
ನಮಸ್ಕಾರ ಎಲ್ಲರಿಗೂ. ಸೆಕೆಂಡ್ ಪಿಯು ಮುಗಿಯಿತು. ಸಿಇಟಿ ರ‍್ಯಾಂಕ್ ನೋಡಿದರೆ ಒಳ್ಳೆ ಇಂಜಿನಿಯರಿಂಗ್ ಕಾಲೇಜು ಸಿಗುವ ಹಾಗಿಲ್ಲ, ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಅಪ್ಪ ಕಬ್ಬು ಬೆಳೆಯೋರು. ಸಾಲ ಮಾಡಿಯಾದರೂ ಸೇರಿಸ್ತೀನಿ ಅಂತಾರೆ, ನನಗೆ ಮನಸ್ಸಿಲ್ಲ. ಮ್ಯಾಥ್ಸ್ ಇಷ್ಟ, ಬಿಎಸ್ಸಿ ಮಾಡೋಣ ಅಂತಿದ್ದೀನಿ. ಸೋದರಮಾವ ಮಾತ್ರ "ಬಿಎಸ್ಸಿ ಮಾಡ್ಕೊಂಡು ಮನೇಲಿ ಟ್ಯೂಷನ್ ಹೇಳ್ಕೊಂಡಿರು" ಅಂತ ಆಡಿಕೊಳ್ಳುತ್ತಾರೆ. ಖರ್ಚೆಷ್ಟು, ಕೆಲಸ ಏನು ಸಿಗುತ್ತೆ? ನಿಜ ಹೇಳಿ.

ಪಿಯು ಮೇಷ್ಟ್ರು, ಮಂಡ್ಯ:
ನೋಡಮ್ಮ, ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಅಂದರೆ ಫೀಸು ಸಾವಿರಗಳ ಲೆಕ್ಕ, ಲಕ್ಷದ ಮಾತೇ ಇಲ್ಲ. ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರುವಾದ ಸ್ಕಾಲರ್‌ಶಿಪ್ ಇದೆ, ಡಿಗ್ರಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ಅಂತ ಇಟ್ಟಿದ್ದರು, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಈ ವರ್ಷದ್ದು ನೋಡು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಇಲ್ಲ. ಮದ್ದೂರಿಂದ ಮಂಡ್ಯಕ್ಕೆ ದಿನಾ ಓಡಾಡಬಹುದು. ಮೈಸೂರಾದರೆ ಹಾಸ್ಟೆಲ್ ಹಿಡಿ, ಬಸ್ಸಲ್ಲೇ ಜೀವ ಸವೆಸಿಕೊಂಡು ರಾತ್ರಿ ಪುಸ್ತಕ ಮುಟ್ಟದ ಮಕ್ಕಳನ್ನ ಬೇಕಾದಷ್ಟು ನೋಡಿದ್ದೀನಿ.

ಆದರೆ ಫೀಸು ಕಮ್ಮಿ ಅಂತ ಖುಷಿಪಡಬೇಡ, ಈ ದಾರೀಲಿ ಖರ್ಚಾಗೋದು ವರ್ಷಗಳು. ಹೈಸ್ಕೂಲ್ ಟೀಚರ್ ಆಗಬೇಕಾ, ಡಿಗ್ರಿ ಮೂರು, ಬಿಎಡ್ ಎರಡು. ಪಿಯು ಲೆಕ್ಚರರ್ ಅಂದರೆ ಮಧ್ಯೆ ಎಂಎಸ್ಸಿ ಎರಡು ವರ್ಷ ಸೇರಿಸಿಕೋ, ಒಟ್ಟು ಏಳಾಯಿತು. ಅಷ್ಟೂ ಮುಗಿಸಿ ಸರ್ಕಾರ ಹುದ್ದೆಗೆ ಅರ್ಜಿ ಯಾವಾಗ ಕರೆಯುತ್ತೋ ಅಂತ ಕಾಯಬೇಕು, ಅಷ್ಟರಲ್ಲಿ ಮನೇಲಿ ಮದುವೆ ಮಾತು ಎತ್ತುತ್ತಾರೆ, ಗೊತ್ತಲ್ವಾ. ಪಾಠ ಮಾಡೋದೇ ಆಸೆ ಇದ್ದರೆ ಮೈಸೂರಿನ ಆರ್‌ಐಇ, ಅಂದರೆ ಟೀಚರ್ ತರಬೇತಿ ಕೊಡೋ ಕೇಂದ್ರದ ಸಂಸ್ಥೆ, ವಿಚಾರಿಸು. ಬಿಎಸ್ಸಿ ಬಿಎಡ್ ಎರಡೂ ಸೇರಿ ನಾಲ್ಕೇ ವರ್ಷ, ಒಂದು ವರ್ಷ ಉಳಿಯುತ್ತೆ. ಅದಕ್ಕೆ ಬೇರೆಯದೇ ಪ್ರವೇಶ ಪರೀಕ್ಷೆ, ಸಿಇಟಿ ನಡೆಯಲ್ಲ.

ಕುವೆಂಪುನಗರದವನು:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಎಲ್ಲರೂ ಟೀಚರೇ ಆಗಬೇಕಾ? ನಾನು ಬಿಎಸ್ಸಿ ಮಾಡಿ ಈಗ ಡೇಟಾ ಕೆಲಸದಲ್ಲಿದ್ದೀನಿ. ಒಂದೇ ಮಾತು ಹೇಳ್ತೀನಿ ತಂಗಿ, ಕಾಂಬಿನೇಷನ್ ನೋಡಿ ತಗೋ. ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸೋ ಸ್ಟಾಟಿಸ್ಟಿಕ್ಸೋ ಇದ್ದರೆ ಮೂರು ವರ್ಷ ಆದ ಮೇಲೆ ಕೆಲಸಕ್ಕಾದರೂ ಹೋಗಬಹುದು, ಕಂಪ್ಯೂಟರ್ ಮಾಸ್ಟರ್ ಡಿಗ್ರಿ ಎಂಸಿಎಗಾದರೂ ಹೋಗಬಹುದು. ಬರೀ ಥಿಯರಿ ಇಟ್ಟುಕೊಂಡು ಇಂಟರ್‌ವ್ಯೂಗೆ ಹೋದರೆ "ಪೈಥಾನ್ ಬರುತ್ತಾ, ಎಸ್‌ಕ್ಯೂಎಲ್ ಬರುತ್ತಾ" ಅಂತಾನೇ ಮೊದಲ ಪ್ರಶ್ನೆ. ಶುರುವಿನ ಸಂಬಳ ಇಂಜಿನಿಯರಿಂಗ್ ಹುಡುಗರಿಗಿಂತ ಕಮ್ಮಿ ಇರುತ್ತೆ, ಸುಳ್ಳು ಹೇಳಲ್ಲ. ಆದರೆ ತಲೆ ಮೇಲೆ ಸಾಲ ಇರಲ್ಲ ನೋಡು, ಕಂತು ಕಟ್ಟೋ ನನ್ನ ಫ್ರೆಂಡ್ಸ್ ಕೇಳಿದರೆ ಅದರ ಬೆಲೆ ಹೇಳ್ತಾರೆ.

ಗಂಗೋತ್ರಿ ಹಳಬ:
ಇಬ್ಬರೂ ದುಡ್ಡಿನ ಲೆಕ್ಕ ಹೇಳಿದಿರಿ. ಇಷ್ಟ ಅಂತಾಳಲ್ಲ, ಅದನ್ನ ಯಾರೂ ಕೇಳಲಿಲ್ಲ! ಪಿಯು ಮ್ಯಾಥ್ಸ್‌ನಲ್ಲಿ ನೂರಕ್ಕೆ ನೂರು ತೆಗೆದವರೂ ಡಿಗ್ರಿಯಲ್ಲಿ ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ ಬಂದಾಗ ಕೈ ಚೆಲ್ಲಿದ್ದನ್ನ ನೋಡಿದ್ದೀನಿ, ಯಾಕಂದರೆ ಅಲ್ಲಿ ಲೆಕ್ಕ ಬಿಡಿಸೋದು ಕಮ್ಮಿ, ಸಾಧಿಸೋದೇ ಜಾಸ್ತಿ. ಒಂದು ಕೆಲಸ ಮಾಡಮ್ಮ. ಎಸ್ಸೆಸ್ಸೆಲ್ಸಿಯಲ್ಲಿ √2 ಅಭಾಗಲಬ್ಧ ಅಂತ ಸಾಧಿಸಿದ್ದೆ ಅಲ್ವಾ, ಎಲ್ಲರೂ ಬಾಯಿಪಾಠ ಹೊಡೆಯೋದು. ಅದನ್ನೇ √4ಕ್ಕೆ ಹಾಗೇ ಬರೆ. √4 ಅಂದರೆ 2, ಭಾಗಲಬ್ಧ ಸಂಖ್ಯೆ, ಹಾಗಾಗಿ ಎಲ್ಲೋ ಒಂದು ಸಾಲು ಮುರಿಯಲೇಬೇಕು. ಯಾವ ಸಾಲು, ಯಾಕೆ? ಗೈಡ್ ಮುಟ್ಟದೆ ಒಂದು ಸಂಜೆ ಕೂತು ಹುಡುಕು. ಹುಡುಕುವಾಗ ಊಟ ಮರೆತರೆ ಮ್ಯಾಥ್ಸ್ ತಗೋ, ಬೇಜಾರಾದರೆ ಬಿಸಿಎ ಸೇರು, ತಪ್ಪೇನಿಲ್ಲ.

ನಿಜಕ್ಕೂ ಹುಚ್ಚು ಹಿಡಿದರೆ ಮೊದಲ ವರ್ಷದಿಂದಲೇ ಐಐಟಿ ಎಂಎಸ್ಸಿಯ ಪ್ರವೇಶ ಪರೀಕ್ಷೆ ಜಾಮ್‌ಗೆ ತಯಾರಾಗು, ಐಐಟಿಯಲ್ಲಿ ಎಂಎಸ್ಸಿ ಮಾಡಬಹುದು. ಆಮೇಲೆ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಯ ಫೆಲೋಶಿಪ್, ಬಂದರೆ ಪಿಎಚ್‌ಡಿ ಮಾಡೋರಿಗೆ ತಿಂಗಳಿಗೆ 37,000, 2023ರಲ್ಲಿ ಏರಿಸಿದ್ದು. ಓದುತ್ತಲೇ ಸಂಬಳ ಇದ್ದ ಹಾಗೆ, ನಿಮ್ಮ ಮಾವನಿಗೆ ಇದನ್ನ ಹೇಳು. ಎಲ್ಲರಿಗೂ ಸಿಗಲ್ಲ ಅನ್ನೋದನ್ನ ಮಾತ್ರ ನೀನು ನೆನಪಿಟ್ಟುಕೋ.

ಮದ್ದೂರು ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. √4 ನೋಡಿದೆ. √4 = a/b ಅಂತ ಇಟ್ಟುಕೊಂಡು ಹೋದರೆ, a ವರ್ಗ 4ರಿಂದ ಭಾಗವಾದರೆ a ಕೂಡ ಭಾಗವಾಗುತ್ತೆ ಅನ್ನೋ ಸಾಲು ನಿಲ್ಲಲ್ಲ, a = 2 ಹಾಕಿದರೆ ಸಾಕು. ಸರಿನಾ ಸರ್? ಆದರೆ √6ಕ್ಕೆ ಅದೇ ಸಾಲು ನಿಲ್ಲುತ್ತಲ್ಲ, 6 ಅವಿಭಾಜ್ಯ ಸಂಖ್ಯೆ ಅಲ್ಲವಲ್ಲ, ಯಾಕೆ?

ಪಿಯು ಮೇಷ್ಟ್ರು, ಮಂಡ್ಯ:
ಫಾರ್ಮ್ ತುಂಬು ಮೊದಲು, ಕೊನೇ ದಿನಾಂಕ ನೋಡಿಕೋ. ಕಂಪ್ಯೂಟರ್ ಇರೋ ಕಾಂಬಿನೇಷನ್ ಸೀಟು ಬೇಗ ತುಂಬುತ್ತೆ.