ಆಕ್ಸಿಲರೇಟರ್ ಬಗ್ಗೆ ಏನಿದ್ರೂ ಕೇಳಿ, ಮೆಕ್ಯಾನಿಕ್ ಗಿರೀಶಣ್ಣ ಇದಾರೆ

ಶಿವು, ಗುಬ್ಬಿ: ಅಣ್ಣ, ಪೆಡಲ್ ಒತ್ತಿದಷ್ಟೂ ಪೆಟ್ರೋಲ್ ಸುರಿಯುತ್ತೆ ಅಂತಾರಲ್ಲ, ನಿಜನಾ?

ಗಿರೀಶ್: ಪೆಟ್ರೋಲ್ ಗಾಡೀಲಿ ಪೆಡಲ್ ತೆಗೆಯೋದು ಗಾಳಿ ದಾರಿನ. ಥ್ರಾಟಲ್ ಬಾಡಿ ಒಳಗೆ ಒಂದು ದುಂಡನೆ ಪ್ಲೇಟ್ ತಿರುಗುತ್ತೆ, ಎಷ್ಟು ಗಾಳಿ ಬಂತು ಅಂತ ಸೆನ್ಸರ್ ಹೇಳುತ್ತೆ, ಇಸಿಯು, ಅಂದ್ರೆ ಇಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತೆ. ಸುಮಾರು 1 ಕೆಜಿ ಪೆಟ್ರೋಲ್‌ಗೆ 14.7 ಕೆಜಿ ಗಾಳಿ. ಡೀಸೆಲ್‌ನಲ್ಲಿ ಡೀಸೆಲ್ ಪ್ರಮಾಣನೇ ಏರಿಳಿಯುತ್ತೆ. ಪೆಡಲ್ ಹೇಳೋದು ಇಂಜಿನ್ ಎಷ್ಟು ಎಳೀಬೇಕು ಅಂತ ಅಷ್ಟೇ, ಅದಕ್ಕೇ ದೇವರಾಯನದುರ್ಗ ಹತ್ತುವಾಗ ಅಷ್ಟೇ ಒತ್ತಿದ್ರೂ ಸ್ಪೀಡ್ ಬೀಳುತ್ತೆ.

ಮಂಜು: ಫಾರ್ವರ್ಡ್ ಬಂದಿದೆ, ಥ್ರಾಟಲ್ ಬಾಡಿಗೆ ಸೀಮೆಎಣ್ಣೆ ಬಿಟ್ರೆ ಪಿಕಪ್ ಡಬಲ್ ಅಂತೆ 🙏

ಗಿರೀಶ್: ದಯವಿಟ್ಟು ಮಾಡ್ಬೇಡಿ. ಬಿಸಿ ಇಂಜಿನ್ ಹತ್ರ ಸೀಮೆಎಣ್ಣೆ ಅಂದ್ರೆ ಬೆಂಕಿ. ಕ್ಲೀನ್ ಮಾಡ್ಸೋಕೆ ಬೇರೆ ಸ್ಪ್ರೇ ಇದೆ.

ಸವಿತಾ: ಸರ್, ನಿನ್ನೆ ಕ್ಯಾತ್ಸಂದ್ರ ದಾಟಿದ ಮೇಲೆ ಲಾರಿ ಓವರ್‌ಟೇಕ್ ಮಾಡಿ ಕಾಲು ತೆಗೆದ್ರೂ ಗಾಡಿ ಹಂಗೇ ನುಗ್ತಿತ್ತು, ಪೆಡಲ್ ಕೆಳಗೇ ಕೂತ್ಬಿಟ್ಟಿತ್ತು, ಕಾಲಲ್ಲಿ ಒದ್ದ ಮೇಲೆ ಟಪ್ ಅಂತ ಮೇಲೆ ಬಂತು. ಈಗ ಸರಿಯಿದೆ. ಹಳೇ ಪೆಟ್ರೋಲ್ ಗಾಡಿ, ಮೊನ್ನೆ ಹೊಸ ರಬ್ಬರ್ ಮ್ಯಾಟ್ ಹಾಕಿದ್ವಿ. ನಾಳೆ ಶಿರಾಗೆ ಹೋಗ್ಬಹುದಾ?

ಗಿರೀಶ್: ಹೋಗ್ಬೇಡಿ ಮೇಡಂ. ಈಗ ಸರಿಯಿದೆ ಅಂತ ನಂಬ್ಬೇಡಿ, ಸಿಕ್ಕಾಕೊಳ್ಳೋ ಪೆಡಲ್ ಮತ್ತೆ ಸಿಕ್ಕಾಕೊಳ್ಳುತ್ತೆ. ಮೊದ್ಲು ಡ್ರೈವರ್ ಕಾಲ ಕೆಳಗಿನ ಮ್ಯಾಟ್ ತೆಗೆದು ಡಿಕ್ಕಿಗೆ ಹಾಕಿ. ಹಳೇ ಮ್ಯಾಟ್ ಮೇಲೆ ಹೊಸದು ಹಾಸಿದ್ರೆ ಮುಂದಕ್ಕೆ ಜಾರಿ ಅದರ ಅಂಚು ಪೆಡಲ್‌ನ ಹಿಡಿದುಕೊಳ್ಳುತ್ತೆ. ಆಮೇಲೆ ಇಂಜಿನ್ ಆಫ್ ಮಾಡಿ ಕೈಯಲ್ಲಿ ಪೆಡಲ್ ಪೂರ್ತಿ ಒತ್ತಿ ಬಿಡಿ, ತಕ್ಷಣ ಮೇಲೆ ಬರ್ಬೇಕು. ನಿಧಾನಕ್ಕೆ ಬಂದ್ರೆ ಪೆಡಲ್‌ನಿಂದ ಥ್ರಾಟಲ್‌ಗೆ ಹೋಗೋ ಕೇಬಲ್ ತೊಂದ್ರೆ ಇರ್ಬಹುದು, ಒಂದು ಎಳೆ ಕಿತ್ತು ಸ್ಲೀವ್ ಒಳಗೆ ಸಿಕ್ಕಿರುತ್ತೆ.

ಅಕಸ್ಮಾತ್ ಓಡಿಸ್ತಿರುವಾಗ ಹಿಂಗಾದ್ರೆ ಎಲ್ರೂ ನೆನಪಿಡಿ: ಬ್ರೇಕ್ ಒಂದೇ ಸಲ ಬಲವಾಗಿ ಒತ್ತಿ ಹಿಡ್ಕೊಳ್ಳಿ, ಪಂಪ್ ಮಾಡ್ಬೇಡಿ, ಥ್ರಾಟಲ್ ಪೂರ್ತಿ ತೆಗೆದಿದ್ದಾಗ ಬ್ರೇಕ್‌ಗೆ ಬಲ ಕೊಡೋ ಇಂಜಿನ್ ವ್ಯಾಕ್ಯೂಮ್ ಇರಲ್ಲ, ಎರಡು ಮೂರು ಸಲ ಪಂಪ್ ಮಾಡಿದ್ರೆ ಬ್ರೇಕ್ ಕಲ್ಲಾಗುತ್ತೆ. ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಕಿರುಚಿದ್ರೆ ಕಿರುಚಲಿ. ಗಾಡಿ ನಿಲ್ಲೋವರೆಗೂ ಕೀ ಎಳೀಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ.

ನಾಗರಾಜ್: ನ್ಯೂಟ್ರಲ್ ಒಳ್ಳೇದೇ, ದುರ್ಗ ಇಳಿಯುವಾಗ ನಾನು ಯಾವಾಗ್ಲೂ ನ್ಯೂಟ್ರಲ್, ಪೆಟ್ರೋಲ್ ಉಳಿಯುತ್ತೆ.

ಕಿರಣ್: ತಪ್ಪು ಸರ್. ಇಂಜೆಕ್ಷನ್ ಗಾಡೀಲಿ ಗೇರಲ್ಲಿ ಕಾಲು ತೆಗೆದ್ರೆ ಪೆಟ್ರೋಲ್ ಕಟ್, ನ್ಯೂಟ್ರಲ್‌ನಲ್ಲೇ ಖರ್ಚು.

ನಾಗರಾಜ್: ನಮ್ಮಪ್ಪ ಲಾರಿ ಓಡಿಸಿದೋರು, ನೀನು ಯೂಟ್ಯೂಬ್ ನೋಡಿ ಪಾಠ ಹೇಳ್ಬೇಡ.

ಕಿರಣ್: ಅಪ್ಪನ ಲಾರಿಗೂ ನಿಮ್ಮ ಕಾರಿಗೂ ಏನ್ ಸಂಬಂಧ?

ಫಯಾಜ್: ಸಿಎನ್‌ಜಿ ಹಾಕ್ಸಿದ್ರೆ ಪಿಕಪ್ ಕಮ್ಮಿ ಆಗುತ್ತಾ?

ನಾಗರಾಜ್: ಮರ್ಯಾದೆ ಕೊಟ್ಟು ಮಾತಾಡು.

ಗಿರೀಶ್: ಕಿರಣ್ ಹೇಳಿದ್ದು ಸರಿ. ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೆ ಬ್ರೇಕ್ ಕಾದು ಹಿಡಿಯಲ್ಲ. ಜಗಳ ಪರ್ಸನಲ್ ಮೆಸೇಜಲ್ಲಿ ಆಡ್ಕೊಳ್ಳಿ.

ರೇಣುಕಾ: ಪೆಡಲ್ ಒತ್ತಿದ್ರೆ ಪೆಟ್ರೋಲ್ ಜಾಸ್ತಿ ಹೋಗುತ್ತಾ?

ಗಿರೀಶ್: ಮೇಲೆ ಇದೆ.

ಮಂಜು: ಸೀಮೆಎಣ್ಣೆ ಬೇಡ ಅಂದ್ರೆ ಥಿನ್ನರ್?

ಗಿರೀಶ್: ಬೇಡ ಅಂದ್ರೆ ಬೇಡ ರೀ. ಸವಿತಾ ಮೇಡಂ, ಮ್ಯಾಟ್ ತೆಗೆದ್ರಾ?

ಸವಿತಾ: ತೆಗೆದೆ ಸರ್. ಆದ್ರೂ ಪೆಡಲ್ ನಿಧಾನಕ್ಕೇ ಬರ್ತಿದೆ.

ಗಿರೀಶ್: ಹಂಗಾದ್ರೆ ಕೀ ಹಾಕ್ಲೇಬೇಡಿ. ಲೊಕೇಶನ್ ಕಳ್ಸಿ, ಬೆಳಗ್ಗೆ ಕೇಬಲ್ ತಗೊಂಡು ಹುಡುಗನ್ನ ಅಲ್ಲಿಗೇ ಕಳಿಸ್ತೀನಿ.